ಎರಡನೆಯ ಬಾರಿ ಮಂಡಿ ತೆರೆಯುವ ಮುನ್ನ

2000ದ ಅಕ್ಟೋಬರ್‌ನಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡ ಮಂಡಿಗೆ, ಮರುವರ್ಷ ಜೂನ್‌ನಲ್ಲಿ ಬಲ ಮಂಡಿಗೆ, ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಕೃತಕ ಕೀಲು ಜೋಡಿಸಲಾಯಿತು. ಶಸ್ತ್ರಚಿಕಿತ್ಸೆ ಮಾಡಿದವರು ನ್ಯೂಯಾರ್ಕ್‌ನಲ್ಲಿ ನೆಲೆಸಿದ್ದ ಡಾ. ಚಿತ್ತರಂಜನ್ ರಾಣಾವತ್. ಇಂದು ಬಳಕೆಯಲ್ಲಿರುವ ಮಂಡಿ ಕೀಲುಗಳ ಮೂಲ ಮಾದರಿಯೊಂದನ್ನು 1970ರ ದಶಕದಲ್ಲಿ ಜಾನ್ ಇನ್ಸಾಲ್ ಮೊದಲಾದವರೊಡನೆ ರೂಪಿಸಿದವರಲ್ಲಿ ಅವರೂ ಒಬ್ಬರು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ನಮ್ಮ ಕಡೆಯ ಮನೆಗಳಲ್ಲೂ ‘ಮಂಡಿ ಆಪರೇಷನ್’ ಎಂಬ ಮಾತು ಹೆದರಿಕೆಯಿಲ್ಲದೆ ಕೇಳಿಬರತೊಡಗಿತು. ಮೈಸೂರು, ಹಾಸನ, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಮೂಳೆ ತಜ್ಞರ ಆಸ್ಪತ್ರೆಗಳು ಹೆಚ್ಚಿದವು. ಮೆಟ್ಟಿಲಿಳಿಯಲಾರದೆ ಮನೆಯೊಳಗೇ ಉಳಿದಿದ್ದ ಎಷ್ಟೋ ಹಿರಿಯರು ಮತ್ತೆ ಸಂತೆಗೂ ದೇವಸ್ಥಾನಕ್ಕೂ ಮದುವೆ ಮನೆಗಳಿಗೂ ಹೋಗಿಬರುವಂತಾದರು. ಆಗ ಅರವತ್ತರ ಆಸುಪಾಸಿನಲ್ಲಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ಅವರಲ್ಲಿ ಕೆಲವರ ಕೃತಕ ಕೀಲು ಸಡಿಲಗೊಂಡಿದೆ, ಕೆಲವರದು ಸವೆದಿದೆ, ಕೆಲವರದಕ್ಕೆ ಸೋಂಕು ತಗುಲಿದೆ. ಆದ್ದರಿಂದ ಇನ್ನೊಂದು ಪ್ರಶ್ನೆ ಮನೆಗಳೊಳಗೆ ಕಾಲಿಟ್ಟಿದೆ: ಮತ್ತೊಮ್ಮೆ ಆಪರೇಷನ್ ಮಾಡಿಸಬೇಕೇ, ಬೇಡವೇ?

ಫಿಸಿಯೋಥೆರಪಿ ನನ್ನ ಉದ್ಯೋಗ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದ ಹಿರಿಯರನ್ನು ಹಾಸಿಗೆಯಿಂದ ಎಬ್ಬಿಸಿ, ವಾಕರ್ ಹಿಡಿಸಿ, ಮಂಡಿ ಮಡಿಸುವುದನ್ನೂ ನೀಡುವುದನ್ನೂ ಮತ್ತೆ ಕಲಿಸುವ ಕೆಲಸದಲ್ಲಿ ಬಹಳ ವರ್ಷಗಳನ್ನು ಕಳೆದಿದ್ದೇನೆ. ಮೊದಲ ಶಸ್ತ್ರಚಿಕಿತ್ಸೆ ಆದವರನ್ನೂ ಎರಡನೆಯದು ಆದವರನ್ನೂ ಅಕ್ಕಪಕ್ಕದ ಬೀದಿಗಳಲ್ಲಿ ಒಂದೇ ವಾರ ನೋಡಿದವರಿಗೆ ಇವೆರಡೂ ಒಂದೇ ಜಾತಿಯ ಚಿಕಿತ್ಸೆಗಳು ಎನ್ನಿಸುವುದಿಲ್ಲ. ಆದರೆ ಮನೆಯವರು ಹಾಗೆಂದೇ ತಿಳಿದಿರುತ್ತಾರೆ. ‘ಹೋದ ಸಲ ನಾಲ್ಕೇ ದಿನಕ್ಕೆ ಎದ್ದು ಓಡಾಡಿದ್ರು, ಈ ಸಲವೂ ಹಾಗೇ’ ಎಂಬ ಭರವಸೆಯಲ್ಲಿ ಸಹಿ ಹಾಕುತ್ತಾರೆ. ಎರಡನೆಯ ಶಸ್ತ್ರಚಿಕಿತ್ಸೆಯನ್ನು ಮೊದಲನೆಯದರ ಪುನರಾವರ್ತನೆ ಎಂದು ಭಾವಿಸಿ ತೀರ್ಮಾನ ತೆಗೆದುಕೊಳ್ಳಬಾರದು ಎಂಬುದೇ ನಾನು ಹೇಳಬೇಕೆಂದಿರುವ ಮಾತು. ಅದು ಬೇರೆಯೇ ಶಸ್ತ್ರಚಿಕಿತ್ಸೆ, ನಡೆಯುವುದೂ ಹದಿನೈದು ವರ್ಷ ಹೆಚ್ಚು ವಯಸ್ಸಾದ ದೇಹದ ಮೇಲೆ.

ಮರುಶಸ್ತ್ರಚಿಕಿತ್ಸೆಯ ಕಥೆ ಕೀಲು ಬದಲಾವಣೆಯ ಜೊತೆಯಲ್ಲೇ ಹುಟ್ಟಿದ್ದು. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿನ ಬಟ್ಟಲನ್ನು ಟೆಫ್ಲಾನ್‌ನಿಂದ ಮಾಡಿ ಸುಮಾರು 300 ರೋಗಿಗಳಿಗೆ ಜೋಡಿಸಿದರು. ಅದರ ನುಣುಪನ್ನು ಕಂಡು ಎಲ್ಲರೂ ಬೆರಗಾಗಿದ್ದರು. ಆದರೆ ಕೆಲವೇ ವರ್ಷಗಳಲ್ಲಿ ಆ ಬಟ್ಟಲುಗಳು ಸವೆದು, ಉದುರಿದ ಪುಡಿಯ ಸುತ್ತ ಊತ ಕಟ್ಟಿ, ಕೀಲುಗಳು ಸಡಿಲಗೊಂಡವು. ಚಾರ್ನ್ಲಿ ಆ ರೋಗಿಗಳ ಕೀಲುಗಳನ್ನು ಮತ್ತೆ ತೆರೆದು ಸರಿಪಡಿಸುವ ಹೊಣೆಯನ್ನು ತಾವೇ ಹೊತ್ತರು. ಅಷ್ಟರಲ್ಲಿ ಲ್ಯಾಂಕಷೈರ್‌ನ ಮಗ್ಗಗಳ ಹಲ್ಲುಚಕ್ರಗಳಿಗೆ ಬಳಸುತ್ತಿದ್ದ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಮಾದರಿಯೊಂದು ಅವರ ಪ್ರಯೋಗಶಾಲೆಗೆ ಬಂತು; ತಂತ್ರಜ್ಞ ಹ್ಯಾರಿ ಕ್ರೇವನ್ ಅದನ್ನು ಯಂತ್ರಕ್ಕೆ ಹಾಕಿ ಸವೆಸಿ ನೋಡಿದರು. 1962ರ ನವೆಂಬರ್‌ನಲ್ಲಿ ಆ ವಸ್ತುವಿನ ಬಟ್ಟಲು ಮೊದಲ ಬಾರಿಗೆ ರೋಗಿಯೊಬ್ಬರ ಸೊಂಟ ಸೇರಿತು. ಅದೇ ವಸ್ತುವಿನ ಸುಧಾರಿತ ರೂಪ ಇಂದಿಗೂ ನಮ್ಮ ಹಿರಿಯರ ಮಂಡಿಗಳಲ್ಲಿದೆ. ವಯಸ್ಸಾದವರಿಗೆ ಮಾತ್ರ ಈ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಚಾರ್ನ್ಲಿ ಆರಂಭದಲ್ಲಿ ಹಟ ಹಿಡಿದಿದ್ದರು. ಕೀಲಿನ ಆಯುಸ್ಸು ಮನುಷ್ಯನ ಆಯುಸ್ಸಿಗಿಂತ ಮೊದಲೇ ಮುಗಿದರೆ ಏನಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ, ಆದ್ದರಿಂದ ಸಮಾಧಾನದ ಅಂಕಿಅಂಶಗಳನ್ನು ಮೊದಲು ಹೇಳುತ್ತೇನೆ. ಕೃತಕ ಕೀಲು ಹಾಕಿಸಿಕೊಂಡ ಪ್ರತಿಯೊಬ್ಬರ ಮಾಹಿತಿಯನ್ನೂ ದಾಖಲಿಸುವ ಪದ್ಧತಿ ಸ್ವೀಡನ್‌ನಲ್ಲಿ 1975ರಲ್ಲೇ ಆರಂಭವಾಯಿತು. ಆಮೇಲೆ ಆಸ್ಟ್ರೇಲಿಯಾ, ಇಂಗ್ಲೆಂಡ್ ಮೊದಲಾದ ದೇಶಗಳೂ ಅದನ್ನು ಅನುಸರಿಸಿದವು. ಇಂತಹ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೆಕ್ಕಾಚಾರದ ಪ್ರಕಾರ, ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು ಶೇ 82ರಷ್ಟು, ಸೊಂಟದ ಕೀಲುಗಳಲ್ಲಿ ಸುಮಾರು ಶೇ 58ರಷ್ಟು 25 ವರ್ಷ ಬಾಳುತ್ತವೆ. ಬ್ರಿಟನ್ನಿನ ರೋಗಿಗಳನ್ನು ಆಧರಿಸಿ 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಮತ್ತೊಂದು ಅಧ್ಯಯನದಂತೆ, ಎಪ್ಪತ್ತು ದಾಟಿದ ಮೇಲೆ ಮೊದಲ ಬಾರಿ ಕೀಲು ಬದಲಾಯಿಸಿಕೊಂಡವರಿಗೆ ಜೀವಮಾನದಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಶೇ 5ರ ಆಸುಪಾಸಿನಲ್ಲಿದೆ; ಐವತ್ತರ ಆರಂಭದಲ್ಲೇ ಮಾಡಿಸಿಕೊಂಡ ಗಂಡಸರಲ್ಲಿ ಅದು ಶೇ 35ರವರೆಗೂ ಏರುತ್ತದೆ. ಹೆಚ್ಚಿನ ಹಿರಿಯರ ಮಂಡಿ ಅವರನ್ನು ಕೊನೆಯವರೆಗೂ ನಡೆಸುತ್ತದೆ ಎಂದಾಯಿತು. ನಾನು ಬರೆಯುತ್ತಿರುವುದು ಉಳಿದ ಆ ಕೆಲವರ ವಿಷಯ. ಆ ಕೆಲವರಲ್ಲಿ ಒಬ್ಬರು ನಮ್ಮ ಮನೆಯಲ್ಲಿದ್ದರೆ ಶೇಕಡಾ ಲೆಕ್ಕದಿಂದ ಸಮಾಧಾನವಾಗುವುದಿಲ್ಲ.

ಕೃತಕ ಕೀಲು ಕೆಡುವ ಬಗೆಗಳಲ್ಲಿ ಬಹಳ ಸಾಮಾನ್ಯವಾದದ್ದು ಸಡಿಲಗೊಳ್ಳುವುದು. ಲೋಹದ ಎರಡು ಭಾಗಗಳ ನಡುವೆ ಇರುವ ಪ್ಲಾಸ್ಟಿಕ್ ತುಂಡಿನಿಂದ ನಡೆದಂತೆಲ್ಲ ಕಣ್ಣಿಗೆ ಕಾಣದ ಪುಡಿ ಉದುರುತ್ತಿರುತ್ತದೆ. ದೇಹದ ರಕ್ಷಣಾ ಕೋಶಗಳು ಆ ಪುಡಿಯನ್ನು ನುಂಗಿ ಅರಗಿಸಲು ನೋಡುತ್ತವೆ, ಅದು ಅರಗುವುದಿಲ್ಲ. ಆಗ ಅವು ಹೊರಸೂಸುವ ರಾಸಾಯನಿಕಗಳ ಪ್ರಚೋದನೆಗೆ ಸಿಕ್ಕಿ ದೇಹವೇ ಸುತ್ತಲಿನ ಮೂಳೆಯನ್ನು ಕರಗಿಸತೊಡಗುತ್ತದೆ. ಇದು ವರ್ಷಗಟ್ಟಲೆ ನೋವಿಲ್ಲದೆಯೇ ನಡೆಯಬಲ್ಲದು. ನೋವು ಕಾಣಿಸಿಕೊಳ್ಳುವ ಹೊತ್ತಿಗೆ ಕೀಲನ್ನು ಮೂಳೆಗೆ ಅಂಟಿಸಿದ ಸಿಮೆಂಟ್ ಮತ್ತು ಮೂಳೆಯ ನಡುವೆ ಪೊಳ್ಳು ಬಿದ್ದಿರುತ್ತದೆ. 1990ರ ದಶಕದ ಕೊನೆಯಿಂದ ಬಂದ, ಹೆಚ್ಚು ಬಿಗಿಯಾಗಿ ಹೆಣೆದ ಪಾಲಿಎಥಿಲೀನ್‌ನಿಂದಾಗಿ, ವಿಶೇಷವಾಗಿ ಸೊಂಟದ ಕೀಲುಗಳಲ್ಲಿ, ಈ ಸವೆತ ಬಹಳ ಕಡಿಮೆಯಾಗಿದೆ. ಆದರೆ ಹಿಂದೆ ಹಾಕಿದ ಕೀಲುಗಳು ಹಿಂದಿನವೇ. ಇದಲ್ಲದೆ ಸೋಂಕು, ಕೀಲು ಜಾರುವುದು, ಮಂಡಿ ಬಿಗಿದುಕೊಳ್ಳುವುದು, ಬಿದ್ದಾಗ ಕೀಲಿನ ಪಕ್ಕದ ಮೂಳೆ ಮುರಿಯುವುದು ಇವೂ ಮರುಶಸ್ತ್ರಚಿಕಿತ್ಸೆಗೆ ಕಾರಣಗಳು.

ಇನ್ನು ಆಪರೇಷನ್ ಥಿಯೇಟರಿನೊಳಗೆ ನಡೆಯುವುದೇನು? ಮೊದಲ ಸಲ ಶಸ್ತ್ರಚಿಕಿತ್ಸಕರ ಮುಂದಿರುವುದು ಸವೆದಿದ್ದರೂ ಗಟ್ಟಿಯಾದ ಮೂಳೆ. ಅದನ್ನು ಅಳತೆಗೆ ತಕ್ಕಂತೆ ಕತ್ತರಿಸಿ ಲೋಹವನ್ನು ಕೂರಿಸುತ್ತಾರೆ. ಎರಡನೆಯ ಸಲ ಮೊದಲು ಹಳೆಯದನ್ನು ತೆಗೆಯಬೇಕು. ಹಳೆಯ ಗೋಡೆಯಿಂದ ಬಾಗಿಲ ಚೌಕಟ್ಟನ್ನು ಕೀಳುವಾಗ ಗಾರೆಯೂ ಕಿತ್ತುಕೊಂಡು ಬರುವಂತೆ, ಎಷ್ಟೇ ನಾಜೂಕಿನ ಉಳಿ, ಗರಗಸಗಳನ್ನು ಬಳಸಿದರೂ ಸಿಮೆಂಟಿನ ಜೊತೆಗೆ ಸ್ವಲ್ಪ ಮೂಳೆಯೂ ಹೊರಬರುತ್ತದೆ. ಉಳಿದ ಮೂಳೆ ಕೀಲಿನ ಭಾರವನ್ನು ತಾನೊಂದೇ ತಡೆಯಲಾರದು. ಹಾಗಾಗಿ ತೊಡೆಮೂಳೆಯ ಒಳಗೂ ಕಾಲಿನ ಮೂಳೆಯ ಒಳಗೂ ಉದ್ದನೆಯ ಕಂಬಿಗಳುಳ್ಳ ಕೀಲನ್ನು ಇಳಿಸಬೇಕಾಗುತ್ತದೆ, ಪೊಳ್ಳು ಬಿದ್ದ ಜಾಗವನ್ನು ಲೋಹದ ತುಂಡುಗಳಿಂದಲೋ ಮೂಳೆ ಕಸಿಯಿಂದಲೋ ತುಂಬಬೇಕಾಗುತ್ತದೆ. ಮೂಳೆಗಳನ್ನು ಹಿಡಿದಿಡುವ ಅಕ್ಕಪಕ್ಕದ ಅಸ್ಥಿರಜ್ಜುಗಳು ಕೈಕೊಟ್ಟಿದ್ದರೆ ಕೀಲಿನ ಎರಡು ಭಾಗಗಳನ್ನೂ ಒಂದಕ್ಕೊಂದು ಸೇರಿಸಿದ, ಬಾಗಿಲಿನ ಕಬ್ಜದ ಮಾದರಿಯ ಕೀಲು ಬೇಕು. ಸೊಂಟದಲ್ಲಾದರೆ, ಗಟ್ಟಿಯಾಗಿ ಕೂತ ಕಂಬಿಯನ್ನು ಹೊರತೆಗೆಯಲು ತೊಡೆಮೂಳೆಯನ್ನೇ ಉದ್ದಕ್ಕೆ ಸೀಳಿ ತೆರೆದು, ಕೆಲಸ ಮುಗಿದ ಮೇಲೆ ತಂತಿಗಳಿಂದ ಬಿಗಿಯಬೇಕಾಗುವುದೂ ಉಂಟು. ಇದಕ್ಕೆಲ್ಲ ಹೆಚ್ಚು ಹೊತ್ತು ಹಿಡಿಯುತ್ತದೆ, ಹೆಚ್ಚು ರಕ್ತ ಹೋಗುತ್ತದೆ. ಹಳೆಯ ಗಾಯದ ಗಂಟುಗಟ್ಟಿದ ಚರ್ಮವನ್ನೇ ಮತ್ತೆ ಕೊಯ್ಯುವುದರಿಂದ ಅದು ಮಾಯುವುದು ನಿಧಾನ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಬಿಗಿದುಕೊಂಡಿರುವುದರಿಂದ ಕೀಲನ್ನು ತೆರೆಯುವಾಗ ಅದು ಕಿತ್ತುಬರುವ ಅಪಾಯವಿದೆ. ಹಾಗಾದರೆ ಕೀಲು ಎಷ್ಟೇ ಚೆನ್ನಾಗಿ ಕೂತರೂ ಕಾಲನ್ನು ನೇರವಾಗಿ ಎತ್ತುವ ಶಕ್ತಿ ಹೋಗುತ್ತದೆ. ಸೊಂಟದ ಮರುಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳುವುದು, ಕಾಲಿನ ಉದ್ದದಲ್ಲಿ ವ್ಯತ್ಯಾಸ ಬರುವುದು, ಹೊಸ ಕೀಲು ಮತ್ತೆ ಮತ್ತೆ ಜಾರುವುದು ಮೊದಲ ಶಸ್ತ್ರಚಿಕಿತ್ಸೆಗಿಂತ ಹೆಚ್ಚು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಉಣ್ಣುವ, ಕುಕ್ಕುರುಗಾಲಲ್ಲಿ ಕೂರುವ ಶೌಚಾಲಯ ಬಳಸುವ ನಮ್ಮ ಹಳ್ಳಿಮನೆಗಳಲ್ಲಿ ಈ ಕೊನೆಯ ಅಪಾಯವನ್ನು ಮನೆಯ ಕಟ್ಟಡದ ಜೊತೆಗಿಟ್ಟೇ ಯೋಚಿಸಬೇಕು.

ಅರಸೀಕೆರೆಯ ನಮ್ಮ ದೊಡ್ಡಮ್ಮನಿಗೆ ಈಗ ಎಪ್ಪತ್ತೊಂಬತ್ತು ವರ್ಷ. ಬಲ ಮಂಡಿಯನ್ನು ಅರವತ್ತೈದರಲ್ಲಿ ಬದಲಾಯಿಸಿಕೊಂಡವರು ಹನ್ನೆರಡು ವರ್ಷ ಅದನ್ನು ಮರೆತೇ ಬದುಕಿದ್ದರು. ಆಮೇಲೆ ಕುರ್ಚಿಯಿಂದ ಎದ್ದ ಮೊದಲ ನಾಲ್ಕು ಹೆಜ್ಜೆಗಳಿಗೆ ಮಂಡಿಯ ಕೆಳಗೆ ಚಳಕು ಬರತೊಡಗಿತು; ಸ್ವಲ್ಪ ನಡೆದ ಮೇಲೆ ಕಡಿಮೆಯಾಗುತ್ತಿತ್ತು. ಹೀಗೆ ಎದ್ದ ಕೂಡಲೇ ಬರುವ ನೋವು ಸಡಿಲವಾದ ಕೀಲಿನ ಲಕ್ಷಣ ಎಂಬುದು ನಮ್ಮ ಕೆಲಸದಲ್ಲಿರುವವರಿಗೆ ಗೊತ್ತು. ವೈದ್ಯರು ಎರಡು ಎಕ್ಸ್‌ರೇಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಪಕ್ಕಪಕ್ಕದಲ್ಲಿ ಸಿಕ್ಕಿಸಿದರು: ಒಂದು ಹಿಂದಿನ ವರ್ಷದ್ದು, ಇನ್ನೊಂದು ಆ ದಿನದ್ದು. ಕಾಲಿನ ಮೂಳೆಯ ತಲೆಯ ಮೇಲೆ ಬೆಳ್ಳಗೆ ಹೊಳೆಯುವ ಲೋಹದ ತಟ್ಟೆ. ಅದರ ಕೆಳಗೆ ಬೂದುಬಣ್ಣದ ಸಿಮೆಂಟ್. ಸಿಮೆಂಟಿಗೂ ಮೂಳೆಗೂ ನಡುವೆ ಪೆನ್ಸಿಲ್ಲಿನಲ್ಲಿ ಎಳೆದಂತಹ ಕಪ್ಪು ಗೆರೆ. ಹಿಂದಿನ ಚಿತ್ರದಲ್ಲಿ ಆ ಗೆರೆ ಒಳಬದಿಯಲ್ಲಿ ಅಂಚಿನಿಂದ ಸ್ವಲ್ಪ ದೂರ ಹೋಗಿ ನಿಂತಿತ್ತು. ಹೊಸದರಲ್ಲಿ ಅದು ದಪ್ಪವಾಗಿ, ತಟ್ಟೆಯ ಕೆಳಗಿನ ಮೊಳೆಯನ್ನೂ ಬಳಸಿಕೊಂಡು ಆ ಬದಿಯವರೆಗೆ ಹಾದಿತ್ತು. ತಟ್ಟೆಯೂ ಒಳಬದಿಗೆ ಒಂದಿಷ್ಟು ಕುಸಿದಿತ್ತು. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. ‘ಈ ಕಪ್ಪಗಿರೋದು ಹುಳ ತಿಂದಿರೋ ಜಾಗವಾ ಡಾಕ್ಟ್ರೇ?’ ಎಂದು ಕೇಳಿದರು. ‘ಹುಳ ಅಲ್ಲಮ್ಮ, ನಿಮ್ಮ ಮೂಳೆ ಕರಗಿರೋ ಜಾಗ’ ಎಂದರು ವೈದ್ಯರು.

ಎಂಬತ್ತರ ಹತ್ತಿರದ ದೇಹದ ಮಾತಿಗೆ ಬರುತ್ತೇನೆ. ಅರವತ್ತೈದರಲ್ಲಿ ಬಿಪಿ ಮಾತ್ರೆಯೊಂದನ್ನು ಬಿಟ್ಟರೆ ಬೇರೇನೂ ಇರದಿದ್ದವರಿಗೆ ಈಗ ಸಕ್ಕರೆ ಕಾಯಿಲೆ, ಹೃದಯದಲ್ಲಿ ಸ್ಟೆಂಟ್, ರಕ್ತ ತೆಳುವಾಗಿಸುವ ಮಾತ್ರೆ, ಅರ್ಧ ಕೆಲಸ ಮಾಡುವ ಮೂತ್ರಪಿಂಡಗಳು ಇರಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸದೆ ಬೆನ್ನಿಗೆ ಅರಿವಳಿಕೆ ಕೊಡುವುದು ಅಪಾಯ, ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಳ್ಳುವ ಭಯ. ಇದನ್ನು ಹೃದಯ ತಜ್ಞರು ಮತ್ತು ಅರಿವಳಿಕೆ ತಜ್ಞರು ಒಟ್ಟಿಗೆ ಕೂತು ನಿರ್ಧರಿಸಬೇಕು. ಮೂಳೆಯ ಕೊಳವೆಯೊಳಗೆ ಸಿಮೆಂಟನ್ನು ಒತ್ತಿ ತುಂಬುವಾಗ ಮಜ್ಜೆಯ ಕೊಬ್ಬು ರಕ್ತನಾಳಗಳಿಗೆ ನುಗ್ಗಿ ಶ್ವಾಸಕೋಶ ಸೇರಿ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಹೃದಯ ಅಥವಾ ಶ್ವಾಸಕೋಶ ಮೊದಲೇ ದುರ್ಬಲವಾಗಿರುವ ಹಿರಿಯರಲ್ಲಿ ಇದು ಜೀವಕ್ಕೇ ಎರವಾಗಬಲ್ಲದು. ರಕ್ತ ಹೆಚ್ಚು ಹೋಗಿ ಒತ್ತಡ ಇಳಿದರೆ ಮೂತ್ರಪಿಂಡ ಮುನಿಯುತ್ತದೆ, ಅದರ ಮೇಲೆ ನೋವಿನ ಮಾತ್ರೆಗಳೂ ಕೆಲವು ಆ್ಯಂಟಿಬಯಾಟಿಕ್‌ಗಳೂ ಸೇರಿದರೆ ಇನ್ನಷ್ಟು ಕೆಡುತ್ತದೆ. ಮಲಗಿದಲ್ಲೇ ಮಲಗಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು, ಎದೆಯಲ್ಲಿ ಕಫ, ಬೆನ್ನಿನಲ್ಲಿ ಹುಣ್ಣು.

ಮನೆಯವರು ಕೊಂಚವೂ ನಿರೀಕ್ಷಿಸಿರದ ಅಪಾಯವೆಂದರೆ ಸನ್ನಿ. ಸೊಂಟದ ಮರುಶಸ್ತ್ರಚಿಕಿತ್ಸೆಯಾದ ನಿವೃತ್ತ ಬಸ್ ಕಂಡಕ್ಟರ್ ಒಬ್ಬರನ್ನು ಮೂರನೆಯ ದಿನ ನೋಡಲು ಹೋಗಿದ್ದೆ. ಹಾಸಿಗೆಯ ಕಂಬಿ ಹಿಡಿದು ಎದ್ದು ಕೂತು, ಡ್ರಿಪ್ಪಿನ ಕೊಳವೆಯನ್ನು ಚೀಲದ ಪಟ್ಟಿಯಂತೆ ಹೆಗಲಿಗೇರಿಸಿಕೊಳ್ಳಲು ನೋಡುತ್ತ, ‘ಹುಣಸೂರು ಇಳಿಯೋರು ಮುಂದೆ ಬನ್ನಿ, ಚಿಲ್ಲರೆ ಕೊಡಿ’ ಎಂದು ವಾರ್ಡಿಗೆಲ್ಲ ಕೇಳಿಸುವಂತೆ ಕೂಗುತ್ತಿದ್ದರು. ಮಗನಿಗೆ ಅಪ್ಪನ ಬುದ್ಧಿಯೇ ಕೆಟ್ಟಿತೆಂದು ದುಃಖ. ಕನ್ನಡಕ ಮತ್ತು ಕಿವಿಯ ಯಂತ್ರವನ್ನು ಥಿಯೇಟರಿಗೆ ಹೋಗುವ ಮೊದಲು ತೆಗೆದಿಟ್ಟವರು ಮತ್ತೆ ಹಾಕಿರಲಿಲ್ಲ. ಅವನ್ನು ಹಾಕಿಸಿ, ಕಿಟಕಿಯ ಪರದೆ ಸರಿಸಿ, ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿ, ನಿದ್ದೆಗೆ ಅಡ್ಡಿಯಾಗದಂತೆ ರಾತ್ರಿಯ ಔಷಧಿಗಳ ಸಮಯ ಬದಲಿಸಿದ ಮೇಲೆ ಕ್ರಮೇಣ ತಿಳಿಯಾದರು. ಆದರೆ ಎಲ್ಲರೂ ಪೂರ್ತಿ ತಿಳಿಯಾಗುವುದಿಲ್ಲ. ಮರೆವು ಮೊದಲೇ ಆರಂಭವಾಗಿದ್ದವರಲ್ಲಿ ಇಂತಹ ಸನ್ನಿಯ ನಂತರ ಮರೆವು ಇನ್ನೊಂದು ಮೆಟ್ಟಿಲು ಇಳಿಯುವುದನ್ನು ನಾನು ಕಂಡಿದ್ದೇನೆ. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಲ್ಲಿ ಇದರ ಬಗ್ಗೆ ಕೇಳುವವರು ಬಹಳ ಕಡಿಮೆ, ಕೇಳಲೇಬೇಕಾದ ವಿಷಯವಿದು.

ಸೋಂಕಿನ ವಿಷಯದಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಮರುಶಸ್ತ್ರಚಿಕಿತ್ಸೆಗಳಲ್ಲೆಲ್ಲ ಹಿರಿಯರನ್ನು ಹೆಚ್ಚು ಹಣಿಯುವುದು ಅದೇ. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಕೀಲಿನ ಒಳಗೆ ಸೋಂಕಾಗುವುದು ನೂರಕ್ಕೆ ಒಬ್ಬಿಬ್ಬರಿಗೆ. ಮರುಶಸ್ತ್ರಚಿಕಿತ್ಸೆಯ ನಂತರ ಅದು ಹಲವು ಪಟ್ಟು ಹೆಚ್ಚು. ಕೀಲು ಹಾಕಿ ಹತ್ತು ವರ್ಷವಾದ ಮೇಲೂ ಹಲ್ಲಿನ ಕೀವು, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಚರ್ಮದ ಕುರು ಇವುಗಳಿಂದ ಬ್ಯಾಕ್ಟೀರಿಯಾ ರಕ್ತದ ಮೂಲಕ ಹೋಗಿ ಲೋಹದ ಮೇಲೆ ನೆಲೆಸಬಹುದು. ನೆಲೆಸಿದ ಮೇಲೆ ಅವು ತಮ್ಮ ಸುತ್ತ ಲೋಳೆಯ ಪೊರೆಯೊಂದನ್ನು ಕಟ್ಟಿಕೊಳ್ಳುತ್ತವೆ. ಅದರೊಳಕ್ಕೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಸೋಂಕು ಹಳೆಯದಾಗಿದ್ದರೆ ಬರೀ ಮಾತ್ರೆ, ಇಂಜೆಕ್ಷನ್‌ಗಳಿಂದ ಅದನ್ನು ಬೇರುಸಮೇತ ಕೀಳಲಾಗದು. ಸೋಂಕು ಆರಂಭವಾಗಿ ಕೆಲವೇ ದಿನಗಳಾಗಿದ್ದರೆ ಕೀಲನ್ನು ಉಳಿಸಿಕೊಂಡು, ಒಳಗೆಲ್ಲ ತೊಳೆದು, ಪ್ಲಾಸ್ಟಿಕ್ ತುಂಡನ್ನು ಮಾತ್ರ ಬದಲಿಸಿ ಔಷಧಿ ಕೊಡುವ ಅವಕಾಶವಿರುತ್ತದೆ. ಈ ಕಾರಣಕ್ಕೇ ಕೃತಕ ಕೀಲಿರುವ ಮಂಡಿ ಏಕಾಏಕಿ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತ ದಿನ ತಳ್ಳಬಾರದು.

ಇನ್ನೊಂದು ಮಾತನ್ನು ನಾನು ಹೋದಹೋದ ಮನೆಗಳಲ್ಲೆಲ್ಲ ಹೇಳುತ್ತೇನೆ. ಮಂಡಿ ಊದಿದೆಯೆಂದು ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗಿಸಬೇಡಿ. ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು ಪರೀಕ್ಷೆಗೆ ಕಳಿಸುವ ಮೊದಲೇ ಔಷಧಿ ಹೊಟ್ಟೆ ಸೇರಿದರೆ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಶತ್ರು ಒಳಗೇ ಇರುತ್ತಾನೆ, ಆದರೆ ಯಾರೆಂದು ತಿಳಿಯುವುದಿಲ್ಲ. (ಈಗಾಗಲೇ ನುಂಗಿದ್ದರೆ ವೈದ್ಯರಿಂದ ಅದನ್ನು ಮುಚ್ಚಿಡಬೇಡಿ.) ಹಾಗೆಯೇ ಕೃತಕ ಕೀಲಿರುವ ಮಂಡಿಯೊಳಕ್ಕೆ ನೋವಿಗೆಂದು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಲು ಹೋಗಬೇಡಿ. ಸೋಂಕಿಗೆ ಅದು ದಾರಿ ಮಾಡಿಕೊಡಬಲ್ಲದು.

ಹಳೆಯ ಸೋಂಕಿಗೆ ಹೆಚ್ಚಾಗಿ ಮಾಡುವುದು ಎರಡು ಹಂತದ ಶಸ್ತ್ರಚಿಕಿತ್ಸೆ. ಮೊದಲ ಹಂತದಲ್ಲಿ ಕೀಲನ್ನೂ ಸಿಮೆಂಟನ್ನೂ ಪೂರ್ತಿ ತೆಗೆದು, ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ಗಟ್ಟಿಯೊಂದನ್ನು ಆ ಜಾಗದಲ್ಲಿ ಇಡುತ್ತಾರೆ. ಸಿಮೆಂಟಿನಲ್ಲಿ ಔಷಧಿ ಬೆರೆಸುವ ಈ ಉಪಾಯವನ್ನು 1970ರ ಹೊತ್ತಿಗೆ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬುಖೋಲ್ಟ್ಸ್ ಮತ್ತು ಎಂಗೆಲ್‌ಬ್ರೆಕ್ಟ್ ಬಳಕೆಗೆ ತಂದರು. ಆಮೇಲೆ ವಾರಗಟ್ಟಲೆ, ಸಾಮಾನ್ಯವಾಗಿ ಆರು ವಾರದಷ್ಟು, ಆ್ಯಂಟಿಬಯಾಟಿಕ್ ಕೊಟ್ಟು, ಸೋಂಕು ಶಮನವಾಗಿದೆ ಎಂದು ಖಾತ್ರಿಯಾದ ಮೇಲೆ ಎರಡನೆಯ ಹಂತದಲ್ಲಿ ಹೊಸ ಕೀಲು. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿ ಕಾಣುತ್ತದೆ. ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ಆ ನಡುವಿನ ಅವಧಿಯನ್ನು ಕಳೆದದ್ದನ್ನು ನಾನು ಹತ್ತಿರದಿಂದ ಬಲ್ಲೆ. ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಹಾಸಿಗೆಯಿಂದ ಕಮೋಡ್ ಕುರ್ಚಿಗೆ ಹೋಗಲು ಇಬ್ಬರು ಬೇಕು. ತೋಳಿನಲ್ಲಿ ಕೂರಿಸಿದ್ದ ಕೊಳವೆಯಿಂದ ದಿನಕ್ಕೆ ಎರಡು ಹೊತ್ತು ಔಷಧಿ. ಔಷಧಿಯ ಕಾವಿಗೆ ಬಾಯಿ ರುಚಿ ಕೆಟ್ಟು ಗಂಜಿಯೂ ಸೇರದು. ಉಣ್ಣದಿದ್ದರೆ ಪ್ರೋಟೀನ್ ಇಳಿಯುತ್ತದೆ, ಪ್ರೋಟೀನ್ ಇಳಿದರೆ ಗಾಯ ಮಾಯುವುದಿಲ್ಲ. ತೊಡೆಯ ಸ್ನಾಯು ವಾರದಿಂದ ವಾರಕ್ಕೆ ಸೊರಗುವುದು ನನ್ನ ಅಳತೆಯ ಟೇಪಿನಲ್ಲೇ ಕಾಣುತ್ತಿತ್ತು. ಅವರು ಎರಡನೆಯ ಹಂತವನ್ನು ತಲುಪಿದರು, ಈಗ ಕೋಲು ಹಿಡಿದು ನಡೆಯುತ್ತಾರೆ. ಆದರೆ ಮೊದಲ ಹಂತ ಮುಗಿಸಿದ ಹಿರಿಯರಲ್ಲಿ ಗಣನೀಯ ಸಂಖ್ಯೆಯ ಜನ ಎರಡನೆಯದನ್ನು ತಡೆದುಕೊಳ್ಳುವ ಸ್ಥಿತಿಗೆ ಬರುವುದೇ ಇಲ್ಲ ಎಂಬುದು ವೈದ್ಯಕೀಯ ಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಆದ್ದರಿಂದ ಕೆಲವು ಕೇಂದ್ರಗಳು ಆಯ್ದ ರೋಗಿಗಳಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುತ್ತವೆ. ತೀರಾ ದುರ್ಬಲರಾದವರಿಗೆ ಕೀಲನ್ನು ಹಾಗೇ ಬಿಟ್ಟು, ಸೋಂಕನ್ನು ಹತೋಟಿಯಲ್ಲಿಡುವಷ್ಟು ಮಾತ್ರೆಯನ್ನು ದೀರ್ಘಕಾಲ ಕೊಡುವುದೂ ಒಂದು ಗೌರವಯುತ ದಾರಿಯೇ. ಅದನ್ನು ಕೈಚೆಲ್ಲಿದಂತೆ ಎಂದು ಭಾವಿಸಬೇಕಿಲ್ಲ.

ಬಿದ್ದು, ಕೃತಕ ಕೀಲಿನ ಪಕ್ಕದಲ್ಲೇ ತೊಡೆಮೂಳೆ ಮುರಿದುಕೊಂಡವರ ವಿಷಯದಲ್ಲಿ ಯೋಚಿಸುತ್ತ ಕೂರುವ ಅವಕಾಶವಿರುವುದಿಲ್ಲ. ಹಾಸಿಗೆಯಲ್ಲೇ ಮಲಗಿಸಿಡುವುದು ಶಸ್ತ್ರಚಿಕಿತ್ಸೆಗಿಂತ ಅಪಾಯಕಾರಿ. ಆದಷ್ಟು ಬೇಗ ಮೂಳೆ ಜೋಡಿಸಿ ಕೂರಿಸಬೇಕು. ಇಲ್ಲಿ ಎಚ್ಚರಿಕೆಯೆಲ್ಲ ಬೀಳುವ ಮುಂಚೆಯೇ ಇರಬೇಕಾದದ್ದು: ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ದೀಪ, ಕಣ್ಣಿನ ಪೊರೆಯ ಚಿಕಿತ್ಸೆ, ಮೂಳೆ ಸವೆತದ ಔಷಧಿ.

ಇದಕ್ಕೆ ತದ್ವಿರುದ್ಧವಾದದ್ದು ಕಾರಣ ತಿಳಿಯದ ನೋವು. ಮೊದಲ ಮಂಡಿ ಬದಲಾವಣೆಯ ನಂತರವೂ ಸುಮಾರು ಐವರಲ್ಲಿ ಒಬ್ಬರಿಗೆ ಪೂರ್ಣ ತೃಪ್ತಿ ಇರುವುದಿಲ್ಲ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಎಕ್ಸ್‌ರೇ ಸರಿಯಾಗಿದೆ, ರಕ್ತಪರೀಕ್ಷೆ ಸರಿಯಾಗಿದೆ, ಕೀಲಿನ ನೀರೂ ಸ್ವಚ್ಛವಾಗಿದೆ, ಆದರೂ ನೋವು. ಅಂಥವರು ಬೇಸತ್ತು ‘ಇದನ್ನು ತೆಗೆದು ಬೇರೆ ಹಾಕಿ’ ಎಂದು ಒತ್ತಾಯಿಸುತ್ತಾರೆ. ಕಾರಣ ಗೊತ್ತಿಲ್ಲದೆ ಮಾಡಿದ ಮರುಶಸ್ತ್ರಚಿಕಿತ್ಸೆಯಿಂದ ನೋವು ಹೋಗುವುದು ಅಪರೂಪ ಎಂಬುದರಲ್ಲಿ ತಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲ. ಎಷ್ಟೋ ಸಲ ನೋವಿನ ಮೂಲ ಬೇರೆಡೆ ಇರುತ್ತದೆ: ಸೊಂಟದ ಕೀಲಿನ ಸವೆತ ಮಂಡಿಯ ನೋವಾಗಿ ಕಾಣಿಸಬಹುದು, ಬೆನ್ನುಮೂಳೆಯಲ್ಲಿ ಅದುಮಿದ ನರ ಮಂಡಿಯವರೆಗೆ ಉರಿಯಬಹುದು. ಹಾಗಾಗಿ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ ಆಪರೇಷನ್ನಿಗೆ ಎಷ್ಟು ಖರ್ಚಾಗುತ್ತದೆ ಎಂಬುದಲ್ಲ, ಈ ನೋವು ಯಾವುದರಿಂದ ಎಂಬುದು.

ಖರ್ಚಿನ ಮಾತೂ ಸಣ್ಣದೇನಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಕೀಲುಗಳಿಗೆ ಮಿತಿ ಹಾಕಿದಾಗ, ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿನ ಬೆಲೆಯನ್ನು 54,720 ರೂಪಾಯಿಗೆ, ಮರುಶಸ್ತ್ರಚಿಕಿತ್ಸೆಯ ಕೀಲಿನ ಬೆಲೆಯನ್ನು 1,13,950 ರೂಪಾಯಿಗೆ ನಿಗದಿಪಡಿಸಿತು, ತೆರಿಗೆ ಬೇರೆ. ಸುಮಾರು ಎರಡು ಪಟ್ಟಿನ ಈ ಅಂತರ ಕೀಲಿನದ್ದು ಮಾತ್ರ. ಐಸಿಯು, ರಕ್ತ, ಹೆಚ್ಚು ದಿನಗಳ ವಾರ್ಡು, ಸೋಂಕಾಗಿದ್ದರೆ ಎರಡು ಆಪರೇಷನ್‌ಗಳು, ವಾರಗಟ್ಟಲೆ ಇಂಜೆಕ್ಷನ್ ಇವೆಲ್ಲ ಅದರ ಮೇಲೆ ಸೇರುತ್ತವೆ.

ಹಾಗೆಯೇ ಮೊದಲ ಶಸ್ತ್ರಚಿಕಿತ್ಸೆಯ ಕಾಗದಪತ್ರಗಳೂ ಮುಖ್ಯ. ಕೀಲಿನ ಪೆಟ್ಟಿಗೆಯ ಮೇಲಿರುವ ಸ್ಟಿಕ್ಕರ್‌ಗಳನ್ನು ಡಿಸ್ಚಾರ್ಜ್ ಫೈಲಿಗೆ ಅಂಟಿಸಿರುತ್ತಾರೆ. ಕಂಪನಿ, ಮಾದರಿ, ಅಳತೆ, ಬ್ಯಾಚ್ ಸಂಖ್ಯೆ ಎಲ್ಲವೂ ಅದರಲ್ಲಿರುತ್ತದೆ. ಯಾವ ಕೀಲು ಒಳಗಿದೆ ಎಂದು ತಿಳಿದಿದ್ದರೆ ಅದನ್ನು ಬಿಚ್ಚುವ ಸಲಕರಣೆಯನ್ನು ಮೊದಲೇ ತರಿಸಬಹುದು, ಕೆಲವೊಮ್ಮೆ ಪೂರ್ತಿ ಕೀಲನ್ನು ತೆಗೆಯದೆ ಪ್ಲಾಸ್ಟಿಕ್ ತುಂಡನ್ನಷ್ಟೇ ಬದಲಿಸಬಹುದು. 2010ರ ಆಗಸ್ಟ್‌ನಲ್ಲಿ ಡಿಪ್ಯೂ ಕಂಪನಿ ತನ್ನ ಎಎಸ್‌ಆರ್ ಎಂಬ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂಪಡೆದಾಗ ಭಾರತದಲ್ಲಿ ಅದನ್ನು ಹಾಕಿಸಿಕೊಂಡಿದ್ದವರಲ್ಲಿ ಬಹುಪಾಲು ಜನರನ್ನು ಪತ್ತೆಹಚ್ಚಲಾಗಲಿಲ್ಲ. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ರಕ್ತಕ್ಕೆ ಸೇರುತ್ತಿದ್ದ ಕೀಲು ಅದು. ಆ ಫೈಲನ್ನು ಮನೆಯ ಆಸ್ತಿಪತ್ರದ ಜೊತೆಗಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ದೊಡ್ಡಮ್ಮನ ವಿಷಯದಲ್ಲಿ ತೀರ್ಮಾನ ಸುಲಭವಾಗಿರಲಿಲ್ಲ. ಕೀಲಿನ ನೀರಿನಲ್ಲಿ ಸೋಂಕು ಇರಲಿಲ್ಲ; ಸಡಿಲವಾಗಿರುವುದು ಮಾತ್ರ ನಿಜ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ, ಹಿಮೋಗ್ಲೋಬಿನ್ ಕಡಿಮೆಯಿದೆ, ಮೂರು ತಿಂಗಳ ಸರಾಸರಿ ಸಕ್ಕರೆ ಶಸ್ತ್ರಚಿಕಿತ್ಸೆಗೆ ಒಪ್ಪುವಂತಿಲ್ಲ. ಬೆಂಗಳೂರಿನಲ್ಲಿರುವ ಇಬ್ಬರು ಅಣ್ಣಂದಿರಿಗೂ ಮಾಡಿಸಿಬಿಡುವ ಆತುರ, ತಾಯಿ ನರಳುವುದನ್ನು ನೋಡಲಾಗುವುದಿಲ್ಲ ಎಂಬ ಪ್ರೀತಿಯ ಆತುರ ಅದು. ಅವರ ಮಾತೆಲ್ಲ ಮುಗಿದ ಮೇಲೆ ವೈದ್ಯರು ಕುರ್ಚಿಯನ್ನು ದೊಡ್ಡಮ್ಮನ ಕಡೆಗೆ ತಿರುಗಿಸಿಕೊಂಡು, ‘ನಿಮಗೇನು ಬೇಕಮ್ಮ?’ ಎಂದು ಕೇಳಿದರು. ಆ ಒಂದು ನಡೆಗಾಗಿ ನನಗೆ ಅವರ ಮೇಲೆ ಇರುವ ಗೌರವ ದೊಡ್ಡದು. ಹಿರಿಯರ ಶಸ್ತ್ರಚಿಕಿತ್ಸೆಯ ಮಾತುಕತೆಗಳಲ್ಲಿ ಹಿರಿಯರನ್ನು ಕೇಳದೇ ಬಿಡುವುದನ್ನು ನಾನು ಅಷ್ಟೊಂದು ನೋಡಿದ್ದೇನೆ.

‘ನಂಗೆ ಓಡಾಡ್ಕೊಂಡು ಯಾತ್ರೆ ಮಾಡಬೇಕಾಗಿಲ್ಲ ಡಾಕ್ಟ್ರೇ. ಬಚ್ಚಲಿಗೆ ಯಾರನ್ನೂ ಕರೀದೆ ಹೋಗಿ ಬರಬೇಕು, ಬೆಳಿಗ್ಗೆ ಹಿತ್ತಲಿನ ಹೂವ ಬಿಡಿಸಬೇಕು. ಆಪರೇಷನ್ ಆದರೆ ಇದಕ್ಕಿಂತ ಚೆನ್ನಾಗಿ ಮಾಡ್ತೀನಾ?’ ಎಂದರು ದೊಡ್ಡಮ್ಮ.

‘ಚೆನ್ನಾಗಿ ಆದರೆ ನೋವು ಕಡಿಮೆಯಾಗುತ್ತೆ. ಆದರೆ ಮೊದಲನೇ ಸಲದಷ್ಟು ಸಲೀಸು ಇರಲ್ಲ. ಏನಾದರೂ ತೊಂದರೆಯಾದರೆ ಈಗ ಮಾಡ್ತಿರೋದನ್ನೂ ಕಳ್ಕೋಬಹುದು. ಕಾಯ್ತೀನಿ ಅಂದ್ರೆ ಅದಕ್ಕೂ ಬೆಲೆ ಇದೆ. ಮೂಳೆ ಇನ್ನೂ ಕರಗಿದರೆ ಆಮೇಲೆ ಮಾಡೋದು ಈಗಿನಕ್ಕಿಂತ ಕಷ್ಟ’ ಎಂದು ವೈದ್ಯರು ಎರಡೂ ಕಡೆಯನ್ನು ಮರೆಮಾಚದೆ ಹೇಳಿದರು.

ಸದ್ಯಕ್ಕೆ ಕಾಯುವುದೆಂದು ದೊಡ್ಡಮ್ಮ ನಿರ್ಧರಿಸಿದರು. ಪಕ್ಕದಲ್ಲಿ ಕಬ್ಜವಿರುವ ಮಂಡಿಪಟ್ಟಿ ಕಟ್ಟಿಕೊಂಡು ವಾಕರ್ ಹಿಡಿದು ನಡೆಯುತ್ತಾರೆ. ತೊಡೆಯ ಸ್ನಾಯುವಿಗೆ ವ್ಯಾಯಾಮಗಳನ್ನು ನಾನು ಹೇಳಿಕೊಟ್ಟಿದ್ದೇನೆ. ಹಾಸಿಗೆಯ ಮೇಲೆ ಕೂತು ಕಾಲು ನೀಡಿ ಐದು ಎಣಿಸುವುದನ್ನು ವಿಷ್ಣುಸಹಸ್ರನಾಮದ ಜೊತೆಗೇ ಮುಗಿಸುತ್ತಾರೆ. ಈ ಅವಧಿಯನ್ನು ಬರಿದೇ ಕಳೆಯದೆ ಸಕ್ಕರೆಯನ್ನು ಹತೋಟಿಗೆ ತರುವುದು, ರಕ್ತಹೀನತೆಗೆ ಕಾರಣ ಹುಡುಕಿ ಚಿಕಿತ್ಸೆ ಮಾಡುವುದು, ಹಾಳಾದ ಎರಡು ಹಲ್ಲುಗಳನ್ನು ತೆಗೆಸುವುದು, ಊಟದಲ್ಲಿ ಬೇಳೆ, ಮೊಸರು ಹೆಚ್ಚಿಸುವುದು ನಡೆದಿದೆ. ಮುಂದೆ ಶಸ್ತ್ರಚಿಕಿತ್ಸೆ ಅನಿವಾರ್ಯವಾದರೆ ಈಗಿನದಕ್ಕಿಂತ ಗಟ್ಟಿಯಾದ ದೇಹದೊಂದಿಗೆ ಹೋಗಬಹುದು. ಆರು ತಿಂಗಳಿಗೊಮ್ಮೆ ಎಕ್ಸ್‌ರೇ. ಮುಂದಿನದು ದೀಪಾವಳಿ ಕಳೆದ ಮೇಲೆ. ಆ ಕಪ್ಪು ಗೆರೆ ಇನ್ನೂ ಅಗಲವಾಗಿದ್ದರೆ ಅಥವಾ ತಟ್ಟೆ ಮತ್ತಷ್ಟು ವಾಲಿದ್ದರೆ ಮತ್ತೆ ಎಲ್ಲರೂ ಕೂತು ಮಾತಾಡುವುದೆಂದು ಒಪ್ಪಂದವಾಗಿದೆ. ಅದಕ್ಕೂ ಮೊದಲು, ಮಲಗಿದ್ದಾಗಲೂ ನೋವು ಶುರುವಾದರೆ, ಮಂಡಿ ಕೆಂಪಾಗಿ ಜ್ವರ ಬಂದರೆ, ಇಲ್ಲವೇ ಬಿದ್ದು ಕಾಲೂರಲು ಆಗದಿದ್ದರೆ, ತಾರೀಖು ನೋಡದೆ ಅದೇ ದಿನ ಬರಬೇಕೆಂದು ವೈದ್ಯರು ಫೈಲಿನ ಮೊದಲ ಪುಟದಲ್ಲಿ ಕನ್ನಡದಲ್ಲೇ ಬರೆದುಕೊಟ್ಟಿದ್ದಾರೆ.